ವಿಕ್ಸ್‌ಬರ್ಗಿಗೆ ಎರಡು ಜನ ಕಳುಹಿಸುವ ಬಗ್ಗೆ

ಪಡೆ ಹಂಚಿಕೆ ವಿಭಾಗ
(ಅಂತರ್ಯುದ್ಧ ಮರುಪರಿಶೀಲನೆಯ ಭಾನುವಾರದ ಮಂಡಳಿಯ ಅಧೀನಕ್ಕೊಳಪಟ್ಟಿದೆ)
ಕಾರ್ಯಸ್ಥಳ: ವಾಯ್ಡ್ ಡೆಕ್ಕಿನ ಎರಡನೆಯ ಕಲ್ಲುಮೇಜು, ಬೆಡೋಕ್, ಸಿಂಗಪುರ

ಸಂಖ್ಯೆ: ಪಹಂವಿ/ಪಶ್ಚಿಮ/ಎ.ಜ./೦೨/೨೦೧೬
ದಿನಾಂಕ: ೨೭ ಜುಲೈ ೨೦೧೬

ವಿಷಯ: ಪ್ರಾದೇಶಿಕ ಪಡೆ ಹಂಚಿಕೆಯಲ್ಲಿ ಉಂಟಾದ ಲೋಪದಿಂದ ವಿಕ್ಸ್‌ಬರ್ಗ್ ಪತನಗೊಂಡು ಶ್ರೀ ಕಾಂತಪ್ಪ ಅವರು ಮಾತು ಬಿಟ್ಟಿರುವ ಬಗ್ಗೆ, ಹಾಗೂ ಸದರಿಯವರ ಟ್ಯಾಕ್ಸಿ ಹೊರಡುವುದರೊಳಗೆ ಕೈಗೊಳ್ಳಬೇಕಾದ ಕ್ರಮಗಳ ಬಗ್ಗೆ.

ಉಲ್ಲೇಖ:
(೧) ಶ್ರೀ ಕಾಂತಪ್ಪ ಅವರ ವಾಟ್ಸಾಪ್ ಮನವಿ, ದಿನಾಂಕ ೧೫-೫-೨೦೧೬, ಮಧ್ಯಾಹ್ನ ೩.೫೨.
(೨) ಈ ಕಚೇರಿಯ ಪ್ರತ್ಯುತ್ತರ, ಅದೇ ದಿನ ೩.೫೩. (ಕಚೇರಿಯ ಇತಿಹಾಸದಲ್ಲಿ ಒಂದೇ ನಿಮಿಷದಲ್ಲಿ ವಿಲೇವಾರಿಯಾದ ಏಕೈಕ ಕಡತ.)
(೩) ಗೃಹ ಇಲಾಖೆಯ, ಅಂದರೆ ಈ ಅಧಿಕಾರಿಯ ಪತ್ನಿ ಶ್ರೀಮತಿ ರೇಣುಕಾ ಅವರ ಮೌಖಿಕ ಟಿಪ್ಪಣಿಗಳು, ದಿನಂಪ್ರತಿ, ಬೆಳಗಿನ ಕಾಫಿಯೊಂದಿಗೆ.

ಪ್ರಸ್ತಾವನೆ:

ಭಾನುವಾರದ ಮಂಡಳಿಯು ಕಳೆದ ಐದು ವರ್ಷಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಮೂರೂವರೆಗೆ ಬೆಡೋಕ್‌ನ ವಸತಿ ಕಟ್ಟಡವೊಂದರ ತಳದಲ್ಲಿರುವ ಗೋಡೆಯಿಲ್ಲದ ಜಾಗದಲ್ಲಿ (ಇಲ್ಲಿಯವರ ಮಾತಿನಲ್ಲಿ ‘ವಾಯ್ಡ್ ಡೆಕ್’) ಸೇರಿ, ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧವನ್ನು ಮತ್ತೆ ಮತ್ತೆ ನಡೆಸುತ್ತಾ ಬಂದಿರುತ್ತದೆ. ಆ ಯುದ್ಧಕ್ಕೂ ಮೈಸೂರು, ಬೆಂಗಳೂರು, ಉಡುಪಿ ಕಡೆಯಿಂದ ಬಂದ ನಮಗೂ ಏನು ಸಂಬಂಧ ಎಂದು ಕೇಳಿದವರಿಗೆ ಸಮರ್ಪಕ ಉತ್ತರ ನೀಡಲು ಇದುವರೆಗೆ ಸಾಧ್ಯವಾಗಿರುವುದಿಲ್ಲ. ಯುದ್ಧದ ನಕ್ಷೆಯನ್ನು ಈ ಅಧಿಕಾರಿಯೇ ಲಿಟಲ್ ಇಂಡಿಯಾದ ದಿನಸಿ ಅಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಬರೆದಿದ್ದು, ಅದರಂತೆ ಮಿಸಿಸಿಪ್ಪಿ ನದಿಯು ಏಪ್ರಿಲ್‌ನಲ್ಲಿ ಹುಟ್ಟಿ ಆಗಸ್ಟ್‌ನಲ್ಲಿ ಸಮುದ್ರ ಸೇರುತ್ತದೆ. ಉತ್ತರದ ಸೈನ್ಯಕ್ಕೆ ಕಡಲೆಕಾಯಿ ಬೀಜ, ದಕ್ಷಿಣದ ಸೈನ್ಯಕ್ಕೆ ಹುರಿಗಡಲೆ. ಒಂದು ಕಾಳಿಗೆ ಮಂಡಳಿಯ ಪರಿಭಾಷೆಯಲ್ಲಿ ‘ಒಂದು ಜನ’ ಎನ್ನಲಾಗುತ್ತದೆ. ಮುಂದೆ ಸಂಭವಿಸಿದ ಎಲ್ಲ ಅನಾಹುತಕ್ಕೂ ಈ ಒಂದು ಪದವೇ ಮೂಲವಾದ್ದರಿಂದ, ದಯಮಾಡಿ ಇದನ್ನು ನೆನಪಿನಲ್ಲಿಡುವುದು.

ಮಂಡಳಿಯ ಮುಂದಿರುವ ಮೂಲಪ್ರಶ್ನೆ ಇಷ್ಟೇ. ೧೮೬೩ರ ಬೇಸಿಗೆಯಲ್ಲಿ ಪಶ್ಚಿಮ ಪ್ರಾಂತ್ಯದ ವಿಕ್ಸ್‌ಬರ್ಗ್ ಎಂಬ, ನದಿಯ ಮೇಲಿನ ಗುಡ್ಡದಲ್ಲಿದ್ದ ಕೋಟೆಯೂರಿಗೆ ಉತ್ತರದವರು ಮುತ್ತಿಗೆ ಹಾಕಿದರು. ಜನ ಕಳಿಸಿ ಎಂದು ಪಶ್ಚಿಮದಿಂದ ಕೂಗು ಬಂತು. ದಕ್ಷಿಣದ ರಾಜಧಾನಿಯಲ್ಲಿ ಸಭೆ ನಡೆಯಿತು. ಪೂರ್ವದ ದೊಡ್ಡ ಸೈನ್ಯ ಪಶ್ಚಿಮಕ್ಕೆ ಹೋಗದೆ ಪೆನ್ಸಿಲ್ವೇನಿಯಾದತ್ತ ಹೊರಟು, ಜುಲೈ ೩ರಂದು ಅಲ್ಲಿ ಸೋತಿತು. ಮರುದಿನವೇ ವಿಕ್ಸ್‌ಬರ್ಗ್ ಶರಣಾಯಿತು. ಪೂರ್ವದಿಂದ ಒಂದಿಷ್ಟು ಜನವನ್ನು ಪಶ್ಚಿಮಕ್ಕೆ ಹಂಚಿದ್ದರೆ ಯುದ್ಧದ ಗತಿ ಬದಲಾಗುತ್ತಿತ್ತೇ ಎಂಬುದನ್ನು ಮಂಡಳಿ ಐದು ವರ್ಷಗಳಿಂದ ಪರಿಶೀಲಿಸುತ್ತಿದ್ದು, ಪೂರ್ವದ ಉಸ್ತುವಾರಿ ಈ ಅಧಿಕಾರಿಯದ್ದೂ ವಿಕ್ಸ್‌ಬರ್ಗಿನ ಉಸ್ತುವಾರಿ ಶ್ರೀ ಕಾಂತಪ್ಪ ಅವರದ್ದೂ ಆಗಿರುತ್ತದೆ.

ಉಡುಪಿ ಕಡೆಯವರಾದ ಶ್ರೀ ಕಾಂತಪ್ಪ ಅವರು ಸೆಲೆಟಾರ್‌ನ ವಿಮಾನ ದುರಸ್ತಿ ಸಂಸ್ಥೆಯೊಂದರಲ್ಲಿ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುತ್ತಿದ್ದು, ಈ ಅಧಿಕಾರಿ ಅದೇ ಸಂಸ್ಥೆಯಲ್ಲಿ ತಪಾಸಣೆಯ ಕೆಲಸದಲ್ಲಿರುತ್ತಾರೆ. ಇಬ್ಬರೂ ಒಂಬತ್ತು ವರ್ಷ ಒಂದೇ ಕಂಪನಿ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ, ಒಂದೇ ಡಬ್ಬಿಯ ಚಕ್ಕುಲಿ ತಿನ್ನುತ್ತಾ ಹೋಗಿ ಬಂದವರು. ಶ್ರೀ ಕಾಂತಪ್ಪ ಅವರು ಇದೇ ತಿಂಗಳು ೩೧ರ ಭಾನುವಾರ ಸಂಜೆ ನಾಲ್ಕು ಗಂಟೆಯ ಟ್ಯಾಕ್ಸಿಯಲ್ಲಿ ಹೊರಟು, ಪತ್ನಿ ಶ್ರೀಮತಿ ಅಕ್ಕು ಅವರೊಂದಿಗೆ ಖಾಯಂ ಆಗಿ ಊರಿಗೆ ಮರಳುತ್ತಿರುತ್ತಾರೆ. ಮೇ ೧೬ರಿಂದ ಈಚೆಗೆ ಅವರು ಈ ಅಧಿಕಾರಿಯೊಂದಿಗೆ ಒಂದು ಮಾತನ್ನೂ ಆಡಿರುವುದಿಲ್ಲ. ಆ ಟ್ಯಾಕ್ಸಿಯ ಬಾಗಿಲು ಮುಚ್ಚುವುದರೊಳಗೆ ಈ ಕಡತ ಮುಗಿಯದಿದ್ದಲ್ಲಿ ಇನ್ನೆಂದೂ ಮುಗಿಯುವುದಿಲ್ಲವೆಂಬ ಭಯ ಈ ಕಚೇರಿಗಿದೆ. ಆದ್ದರಿಂದ, ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

೧. ಪಕ್ಷ ವಹಿಸುವಿಕೆ: ಮಂಡಳಿಯ ಮೊದಲ ಸಭೆಯಲ್ಲಿ ಹಾಜರಿದ್ದ ಏಳೂ ಸದಸ್ಯರು, ತಾವು ದಕ್ಷಿಣ ಭಾರತದವರು ಎಂಬ ಒಂದೇ ಕಾರಣಕ್ಕೆ ದಕ್ಷಿಣದ ಸೈನ್ಯಕ್ಕೆ ಹೆಸರು ಕೊಟ್ಟಿದ್ದು, ಯುದ್ಧ ಮಾಡಲು ಎದುರಾಳಿಗಳೇ ಇಲ್ಲದೆ ಸಭೆಯನ್ನು ಉಪ್ಪಿಟ್ಟಿನ ನಂತರ ಮುಂದೂಡಬೇಕಾಯಿತು. ದಕ್ಷಿಣದವರು ಕಾದಾಡಿದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಎಂಬ ಅಂಶವನ್ನು ನಂತರ ಸದಸ್ಯರ ಗಮನಕ್ಕೆ ತಂದಾಗ ಏಳೂ ಜನ ಉತ್ತರಕ್ಕೆ ವರ್ಗಾವಣೆ ಕೋರಿದ್ದು, ಸಭೆಯನ್ನು ಮತ್ತೆ ಮುಂದೂಡಲಾಯಿತು. ಕೊನೆಗೆ ಚೀಟಿ ಎತ್ತಿ ತೀರ್ಮಾನಿಸಲಾಗಿದೆ. ದಕ್ಷಿಣದ ಪರ ಆಡುವವರು ಯುದ್ಧವನ್ನು ಸೋಲತಕ್ಕದ್ದು. ಅಕಸ್ಮಾತ್ ಗೆದ್ದಲ್ಲಿ ಯಾರೂ ಚಪ್ಪಾಳೆ ತಟ್ಟತಕ್ಕದ್ದಲ್ಲ, ಮತ್ತು ಗೆದ್ದವರು ಮುಂದಿನ ಭಾನುವಾರ ಎಲ್ಲರಿಗೂ ಬೋಂಡ ತರತಕ್ಕದ್ದು.

೨. ಪಡೆಗಳ ಭಕ್ಷಣೆ: ಯುದ್ಧ ನಡೆಯುತ್ತಿರುವಾಗ ಸ್ವಪಕ್ಷದ ಪಡೆಯನ್ನಾಗಲಿ ಶತ್ರುಪಡೆಯನ್ನಾಗಲಿ ತಿನ್ನತಕ್ಕದ್ದಲ್ಲ. ಸೆರೆಸಿಕ್ಕವರನ್ನು ತಿನ್ನಬಹುದೇ ಎಂದು ಉತ್ತರದ ಉಸ್ತುವಾರಿ ಹಾಗೂ ಸಾಫ್ಟ್‌ವೇರ್ ಉದ್ಯೋಗಿ ಕುಮಾರಿ ಗಗನಾ ಅವರು ಲಿಖಿತವಾಗಿ ಕೇಳಿದ್ದು, ಸಂಜೆ ಆರರ ನಂತರ ಅನುಮತಿಸಲಾಗಿದೆ. ಮೈನಾ ಹಕ್ಕಿಗಳು ಟೆನೆಸಿ ರಾಜ್ಯದಲ್ಲಿ ಇಳಿದು ಹೊತ್ತೊಯ್ಯುವ ಜನವನ್ನು ರೋಗರುಜಿನದಿಂದಾದ ನಷ್ಟವೆಂದು ದಾಖಲಿಸುವುದು. ಉಪ್ಪುಖಾರ ಹಚ್ಚಿದ ಕಡಲೆಕಾಯಿ ಬೀಜವನ್ನು ಅಶ್ವದಳವೆಂದು ಪರಿಗಣಿಸತಕ್ಕದ್ದಲ್ಲ. ಈ ಬಗ್ಗೆ ಹಿಂದೆಯೇ ಎರಡು ಬಾರಿ ಎಚ್ಚರಿಸಲಾಗಿದೆ.

೩. ಪ್ರಾದೇಶಿಕ ಅಸಮತೋಲನ: ದಕ್ಷಿಣದ ಒಟ್ಟು ಹದಿನೇಳು ಜನದ ಪೈಕಿ ಹದಿನಾಲ್ಕನ್ನು ಪೂರ್ವದಲ್ಲಿ, ರಾಜಧಾನಿಯ ಸುತ್ತ, ಅಂದರೆ ಈ ಅಧಿಕಾರಿಯ ಕಾಫಿ ಫ್ಲಾಸ್ಕಿನ ಪಕ್ಕದಲ್ಲಿ ಇರಿಸಿಕೊಂಡಿದ್ದು, ಉಳಿದ ಮೂರನ್ನು ಇಡೀ ಪಶ್ಚಿಮಕ್ಕೆ ಹಂಚಲಾಗಿತ್ತು. ಈ ಬಗ್ಗೆ ಶ್ರೀ ಕಾಂತಪ್ಪ ಅವರು ಐದು ವರ್ಷವೂ ತಕರಾರು ಸಲ್ಲಿಸಿರುತ್ತಾರೆ. ಅವರ ತಕರಾರು ಯಥಾವತ್ತಾಗಿ: “ನಿಮ್ಮದು ಯಾವಾಗ್ಲೂ ಹಾಗೇ ಮಾರಾಯ್ರೆ. ರಾಜಧಾನಿಗೆ ಗೋಣಿ ತುಂಬ, ನಮಗೆ ಮುಷ್ಟಿ ತುಂಬ. ಅಮೆರಿಕಕ್ಕೆ ಹೋದ್ರೂ ಬುದ್ಧಿ ಬಿಡ್ಲಿಲ್ಲ ನೀವು.” ತಕರಾರನ್ನು ಪರಿಶೀಲಿಸಲು ಏಕಸದಸ್ಯ ಸಮಿತಿಯೊಂದನ್ನು ರಚಿಸಲಾಗಿತ್ತು. ಆ ಸದಸ್ಯರು ಈ ಅಧಿಕಾರಿಯೇ ಆಗಿದ್ದು, ವರದಿಯನ್ನು ಇನ್ನೂ ತಮಗೆ ತಾವೇ ಸಲ್ಲಿಸಿಕೊಂಡಿರುವುದಿಲ್ಲ.

೪. ಗೈರುಹಾಜರಿ ಯುದ್ಧ: ಮನೆಯಲ್ಲಿರುವ ಉಸ್ತುವಾರಿಗಳು ವಾಟ್ಸಾಪ್ ಮೂಲಕ ಯುದ್ಧ ಮುಂದುವರಿಸಬಹುದೆಂದು ೨೦೧೪ರಲ್ಲಿ ಆದೇಶಿಸಲಾಗಿತ್ತು. ಜತೆಗೆ, ಫೋನ್ ಮಾಡಿ ಗೋಗರೆದು ಪಡೆ ಕೇಳುವ ಚಾಳಿ ಹೆಚ್ಚಿದ್ದರಿಂದ, ಯುದ್ಧದ ವೇಳೆ ಯಾರೂ ಕರೆ ಸ್ವೀಕರಿಸತಕ್ಕದ್ದಲ್ಲ ಎಂದೂ ಆದೇಶಿಸಲಾಗಿತ್ತು. ಎರಡೂ ಆದೇಶಗಳಿಗೆ ಸಹಿ ಹಾಕಿದವರು ಯಾರೆಂದು ಇಲ್ಲಿ ಪ್ರತ್ಯೇಕವಾಗಿ ನಮೂದಿಸುವ ಅಗತ್ಯ ಕಂಡುಬರುವುದಿಲ್ಲ.

೫. ದಿನಾಂಕ ೧೫-೫-೨೦೧೬ರ ಘಟನೆ: ಅಂದು ಈ ವರ್ಷದ ಅಂತಿಮ ಪಂದ್ಯವಿದ್ದು, ವಿಕ್ಸ್‌ಬರ್ಗ್ ಸುತ್ತ ಗಗನಾ ಅವರ ಒಂಬತ್ತು ಕಡಲೆಕಾಯಿ ಬೀಜಗಳು ನೆರೆದಿದ್ದವು. ಶ್ರೀ ಕಾಂತಪ್ಪ ಅವರು ಪಕ್ಕದ ಬ್ಲಾಕಿನ ಐದನೆಯ ಮಹಡಿಯ ತಮ್ಮ ಮನೆಯಿಂದಲೇ ಆಡುತ್ತಿದ್ದರು. ೩.೫೨ಕ್ಕೆ ಅವರಿಂದ ಬಂದ ಸಂದೇಶ: “ಇಲ್ಲಿ ಬಾರೀ ಕಷ್ಟ ಉಂಟು ಮಾರಾಯ್ರೆ. ಮೇಲೆಯೇ ಸಿಕ್ಕಿಬಿದ್ದಿದ್ದೇವೆ. ಕೆಳಗೆ ಇಳೀಲಿಕ್ಕೆ ಆಗುದಿಲ್ಲ. ಎರಡು ಜನ ಕಳಿಸಿ, ಬೇಗ.”

ವಿಕ್ಸ್‌ಬರ್ಗ್ ಗುಡ್ಡದ ಮೇಲಿತ್ತು. ಮುತ್ತಿಗೆ ಬಿದ್ದಿತ್ತು. ಇಳಿಯಲು ದಾರಿ ಇರಲಿಲ್ಲ. ಹೀಗಾಗಿ ಮನವಿಯನ್ನು ನಿಯಮಾನುಸಾರ ಪಶ್ಚಿಮ ಪ್ರಾಂತ್ಯದ ಕಡತಕ್ಕೆ ಸೇರಿಸಿ, ೩.೫೩ಕ್ಕೆ ಈ ಕೆಳಗಿನ ಉತ್ತರ ನೀಡಲಾಯಿತು: “ತಮ್ಮ ಮನವಿಯನ್ನು ಪರಿಶೀಲಿಸಲಾಗಿದೆ. ರಾಜಧಾನಿಯ ರಕ್ಷಣೆಯ ಹಿತದೃಷ್ಟಿಯಿಂದ ಯಾವುದೇ ಜನವನ್ನು ಬಿಡುಗಡೆ ಮಾಡಲು ಅವಕಾಶವಿರುವುದಿಲ್ಲ. ಸ್ಥಳೀಯ ಸಂಪನ್ಮೂಲದಲ್ಲೇ ನಿಭಾಯಿಸತಕ್ಕದ್ದು.” ಆಗ ಗಗನಾ ಅವರು, “ಅಂಕಲ್, ಇದು ಗೇಮ್ ಮೆಸೇಜಾ, ರಿಯಲ್ ಮೆಸೇಜಾ? ಒಂದ್ಸಲ ಕಾಲ್ ಮಾಡಿ ಚೆಕ್ ಮಾಡ್ಬಿಡಿ” ಎಂದು ಕೇಳಿದ್ದು, ಶತ್ರುಪಕ್ಷದವರ ಸಲಹೆಯಾದ್ದರಿಂದ ತಿರಸ್ಕರಿಸಲಾಯಿತು. ತದನಂತರ ಬಂದ ಮೂರು ಕರೆಗಳನ್ನು ಕಂಡಿಕೆ ೪ರನ್ವಯ ಸ್ವೀಕರಿಸಿರುವುದಿಲ್ಲ. ಐದೂವರೆಗೆ ವಿಕ್ಸ್‌ಬರ್ಗ್ ಬಿತ್ತು. “ಶರಣಾಗತಿ ಪತ್ರವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು” ಎಂದು ಶ್ರೀ ಕಾಂತಪ್ಪ ಅವರಿಗೆ ಸಂದೇಶ ಕಳಿಸಿ, ಕೊನೆಯಲ್ಲಿ ನಗುವ ಮುಖದ ಮೂರು ಚಿತ್ರಗಳನ್ನೂ ಲಗತ್ತಿಸಲಾಯಿತು.

೬. ವಾಸ್ತವಾಂಶ: ಆ ಸಂದೇಶ ತಲುಪಿದಾಗ ಶ್ರೀ ಕಾಂತಪ್ಪ ಅವರು ಆಸ್ಪತ್ರೆಯಲ್ಲಿ ಎಕ್ಸ್‌ರೇ ಸರದಿಯಲ್ಲಿ ನಿಂತಿದ್ದರೆಂದು ನಂತರ ತಿಳಿದುಬಂದಿರುತ್ತದೆ. ಮಧ್ಯಾಹ್ನ ಅಡುಗೆಮನೆಯ ಒದ್ದೆ ನೆಲದಲ್ಲಿ ಶ್ರೀಮತಿ ಅಕ್ಕು ಅವರು ಜಾರಿ ಬಿದ್ದು ಪಾದದ ಗಂಟು ಮುರಿದಿತ್ತು. ಲಿಫ್ಟ್ ದುರಸ್ತಿಯಲ್ಲಿತ್ತು. ಕೆಳಗೆ ಕಾಣುವಷ್ಟು ಹತ್ತಿರದಲ್ಲಿ ಗೆಳೆಯರು ಕುಳಿತಿರುವಾಗ ಆಂಬುಲೆನ್ಸ್ ಏಕೆ ಎಂದು ಅವರು ಭಾವಿಸಿದ್ದರು. ಎರಡು ಜನ ಎಂದರೆ ಎರಡು ಜನವೇ ಆಗಿತ್ತು. ಹೆಂಡತಿಯನ್ನು ಎತ್ತಿಕೊಂಡು ಇಳಿಸಲು.

೭. ವಿದೇಶಿ ಹಸ್ತಕ್ಷೇಪ: ಅಮೆರಿಕದ ಯುದ್ಧದಲ್ಲಿ ವಿದೇಶಿಯರು ಬಂದು ಕಾಪಾಡುತ್ತಾರೆಂದು ದಕ್ಷಿಣದವರು ನಾಲ್ಕು ವರ್ಷ ಕಾದರೂ ಯಾರೂ ಬರಲಿಲ್ಲ. ಪ್ರಸ್ತುತ ಪ್ರಕರಣದಲ್ಲಿ ಎದುರುಮನೆಯ ಶ್ರೀ ಟಾನ್ ಅವರು, ವಯಸ್ಸು ಅರವತ್ತೆಂಟು, ಯಾವುದೇ ಒಪ್ಪಂದವಿಲ್ಲದೆ ತಮ್ಮ ಇಸ್ಪೀಟು ಗೆಳೆಯರೊಬ್ಬರನ್ನು ಕರೆತಂದು, ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಶ್ರೀಮತಿ ಅಕ್ಕು ಅವರನ್ನು ಕೂರಿಸಿ ಐದು ಮಹಡಿ ಇಳಿಸಿರುತ್ತಾರೆ. ಥ್ಯಾಂಕ್ಸ್ ಹೇಳಿದ್ದಕ್ಕೆ “ಕ್ಯಾನ್ ಲಾ, ಸ್ಮಾಲ್ ಮ್ಯಾಟರ್” (ಆಯ್ತು ಬಿಡಿ, ಸಣ್ಣ ವಿಷಯ) ಎಂದಷ್ಟೇ ಉತ್ತರಿಸಿರುತ್ತಾರೆ. ಶ್ರೀ ಟಾನ್ ಅವರು ಇಲ್ಲಿಯವರೇ ಆಗಿದ್ದು ವಿದೇಶಿಯರು ನಾವೇ ಎಂದು ಗೃಹ ಇಲಾಖೆ ಆಕ್ಷೇಪಿಸಿದ್ದರಿಂದ, ಈ ಕಂಡಿಕೆಯ ಶೀರ್ಷಿಕೆಯನ್ನು ಮುಂದಿನ ತಿದ್ದುಪಡಿಯಲ್ಲಿ ಸರಿಪಡಿಸಲಾಗುವುದು.

೮. ಪದ ವಿಚಾರಣೆ: ವಿಷಯ ತಿಳಿದ ಮರುದಿನ ಈ ಅಧಿಕಾರಿ ಕ್ಷಮೆ ಕೇಳಬೇಕಾಗಿತ್ತು. ಅದರ ಬದಲಿಗೆ ಶ್ರೀ ಕಾಂತಪ್ಪ ಅವರಿಗೆ ಎರಡು ಪುಟಗಳ ‘ಸ್ಪಷ್ಟೀಕರಣ’ವನ್ನು ಕಳುಹಿಸಲಾಯಿತು. ಅದರ ಸಾರಾಂಶ: ಕನ್ನಡದಲ್ಲಿ ಮನುಷ್ಯರನ್ನು ಎಣಿಸುವಾಗ ‘ಇಬ್ಬರು’, ‘ಮೂವರು’ ಎನ್ನತಕ್ಕದ್ದು, ‘ಎರಡು’ ಎಂಬುದು ನಪುಂಸಕಲಿಂಗ, ಆದ್ದರಿಂದ ‘ಎರಡು ಜನ’ ಎಂದು ಬರೆದಲ್ಲಿ ಅದು ಹುರಿಗಡಲೆಗೆ ಅನ್ವಯಿಸುವುದೇ ಹೊರತು ಗೆಳೆಯರಿಗಲ್ಲ, ಲೋಪ ಮನವಿದಾರರದ್ದೇ. ಮಾತು ನಿಂತದ್ದು ಮುರಿದ ಕಾಲಿನಿಂದಲ್ಲ, ಈ ಸ್ಪಷ್ಟೀಕರಣದಿಂದ ಎಂಬುದನ್ನು ಕಚೇರಿ ಈಗ ಒಪ್ಪುತ್ತದೆ.

ಸ್ಪಷ್ಟೀಕರಣದ ಪ್ರತಿಯನ್ನು ಓದಿದ ಗೃಹ ಇಲಾಖೆಯ ಟಿಪ್ಪಣಿಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ರೀ, ಎರಡು ಜನ ಅಂದ್ರೆ ಕಾಳು ಅಂತ ಯಾವ ವ್ಯಾಕರಣದಲ್ಲಿದೆ? ನಿನ್ನೆ ಹೋಟೆಲಲ್ಲಿ ಎರಡು ಜನಕ್ಕೆ ಟೇಬಲ್ ಬೇಕು ಅಂತ ನೀವೇ ಕೇಳಿದ್ರಲ್ಲ, ನಾನೇನು ಹುರಿಗಡಲೇನಾ? ಆಕೆ ಕಾಲು ಮುರ್ಕೊಂಡು ಕೂತಿದ್ದಾಳೆ, ಇವರು ಲಿಂಗ ವಚನ ತಿದ್ದುತಾ ಕೂತಿದಾರೆ. ಒಂದು ಫೋನ್ ಮಾಡಿ ತಪ್ಪಾಯ್ತು ಅನ್ನಕ್ಕೆ ನಿಮಗೇನು ರೋಗ?” ಟಿಪ್ಪಣಿಯಲ್ಲಿ ಎತ್ತಿದ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲಾಗುತ್ತಿದೆ. ಈ ಅಧಿಕಾರಿಯ ತಂದೆ ಮೈಸೂರಿನ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು, ಮದುವೆಯ ಕರೆಯೋಲೆಯಲ್ಲೂ ‘ತಪ್ಪಿದಲ್ಲಿ’ ಎಂಬ ಪದ ಬಳಸಿದವರು. ಮನೆಯಲ್ಲಿ ಯಾರೂ ಯಾರಲ್ಲೂ ಬೇರೆ ಕನ್ನಡದಲ್ಲಿ ಕ್ಷಮೆ ಕೇಳಿದ್ದನ್ನು ಈ ಅಧಿಕಾರಿ ಕೇಳಿರುವುದಿಲ್ಲ.

೯. ಬಸ್ಸಿನ ಆಸನ ವ್ಯವಸ್ಥೆ: ಮೇ ೧೭ರಿಂದ ಶ್ರೀ ಕಾಂತಪ್ಪ ಅವರು ಕಂಪನಿ ಬಸ್ಸಿನಲ್ಲಿ ಚಾಲಕರ ಹಿಂದಿನ ಸೀಟಿನಲ್ಲೂ ಈ ಅಧಿಕಾರಿ ಕೊನೆಯ ಸೀಟಿನಲ್ಲೂ ಕೂರುತ್ತಿದ್ದು, ನಡುವಿನ ಹನ್ನೊಂದು ಸಾಲುಗಳನ್ನು ಸಹೋದ್ಯೋಗಿಗಳು ಗಡಿಪ್ರದೇಶವೆಂದು ಕರೆಯುತ್ತಿರುವುದು ಗಮನಕ್ಕೆ ಬಂದಿದೆ. ಇಬ್ಬರೂ ಮೊಬೈಲ್ ನೋಡುತ್ತಿರುವಂತೆ ನಟಿಸತಕ್ಕದ್ದಲ್ಲ. ಚಾರ್ಜ್ ಮುಗಿದು ಆಫ್ ಆಗಿರುವ ಮೊಬೈಲನ್ನಂತೂ ಖಂಡಿತ ನೋಡತಕ್ಕದ್ದಲ್ಲ. ಚಕ್ಕುಲಿ ಡಬ್ಬಿಯನ್ನು ಈ ಅಧಿಕಾರಿ ಪ್ರತಿದಿನ ತರುತ್ತಿದ್ದು ಪ್ರತಿದಿನ ತುಂಬಿದಂತೆಯೇ ಮನೆಗೆ ಒಯ್ಯುತ್ತಿರುತ್ತಾರೆ. ಕಳೆದ ವಾರ ಶ್ರೀಮತಿ ಅಕ್ಕು ಅವರು ಗೃಹ ಇಲಾಖೆಗೆ ಫೋನಿನಲ್ಲಿ ಹೇಳಿರುವುದು: “ನನ್ನ ಕಾಲು ಸರಿ ಆಯ್ತು ರೇಣುಕಕ್ಕ. ಇವರದ್ದು ಮಾತ್ರ ಸರಿ ಆಗ್ಲಿಲ್ಲ. ರಾತ್ರೆ ಊಟಕ್ಕೆ ಕೂತ್ರೆ ‘ಸ್ಥಳೀಯ ಸಂಪನ್ಮೂಲ ಅಂತೆ’ ಅಂತ ಒಬ್ರೇ ಹೇಳಿಕೊಳ್ತಾರೆ. ಹೊರಡುವ ಮೊದಲು ಒಮ್ಮೆ ಬರ್ಲಿಕ್ಕೆ ಹೇಳಿ ಶಿವರಾಮಣ್ಣನಿಗೆ.”

೧೦. ಮರುಪರೀಕ್ಷೆ: ಸದರಿ ಘಟನೆಯ ನಂತರ ಮಂಡಳಿಯ ಸಭೆಗಳು ನಡೆದಿರುವುದಿಲ್ಲ. ಆದಾಗ್ಯೂ ಈ ಅಧಿಕಾರಿ ಪ್ರತಿ ಭಾನುವಾರ ಅದೇ ಕಲ್ಲುಮೇಜಿನಲ್ಲಿ ಒಬ್ಬರೇ ಕುಳಿತು, ಪೂರ್ವದ ಹದಿನಾಲ್ಕು ಜನದಿಂದ ಎರಡನ್ನು ತೆಗೆದು ವಿಕ್ಸ್‌ಬರ್ಗಿಗೆ ಕಳುಹಿಸಿ, ಯುದ್ಧವನ್ನು ಒಟ್ಟು ಹತ್ತು ಬಾರಿ ಮರುಪರೀಕ್ಷಿಸಿರುತ್ತಾರೆ. ವಿಕ್ಸ್‌ಬರ್ಗ್ ಒಮ್ಮೆ ಎರಡು ವಾರ ಹೆಚ್ಚು ಬಾಳಿತು. ಒಮ್ಮೆ ಆಗಸ್ಟ್‌ವರೆಗೂ ನಿಂತಿತು. ಒಮ್ಮೆ ಮೈನಾ ಬಂದಿತು. ಹತ್ತಕ್ಕೆ ಹತ್ತು ಬಾರಿಯೂ ದಕ್ಷಿಣವೇ ಸೋತಿದ್ದು, ಕಂಡಿಕೆ ೧ರನ್ವಯ ಅದು ಸರಿಯಾಗಿಯೇ ಇದೆ. ಆದ್ದರಿಂದ ಎರಡು ಜನ ಕಳುಹಿಸಿದ್ದರೂ ಯುದ್ಧದ ಫಲಿತಾಂಶ ಬದಲಾಗುತ್ತಿರಲಿಲ್ಲವೆಂಬ ಈ ಕಚೇರಿಯ ಹಳೆಯ ವಾದ ಸಾಬೀತಾಗಿದೆ. ಸಾಬೀತಾದ ದಿನ ಕಾಳುಗಳನ್ನು ಡಬ್ಬಿಗೆ ತುಂಬಲು ಮನಸ್ಸಾಗಿರುವುದಿಲ್ಲ. ಗುಡ್ಡದ ಮೇಲೆ ಕಾಯುತ್ತಿದ್ದವರಿಗೆ ಯಾರಾದರೂ ಬಂದರೇ ಇಲ್ಲವೇ ಎಂಬ ಅಂಕಣ ಈ ನಕ್ಷೆಯಲ್ಲಿ ಇರಲೇ ಇಲ್ಲ.

ಮುಂದುವರಿದು, ಪೂರ್ವದಿಂದ ಪಶ್ಚಿಮಕ್ಕೆ ಪಡೆ ಸಾಗಿಸಲು ವಾರಗಟ್ಟಲೆ ಬೇಕು, ದಾರಿಯಲ್ಲಿ ರೈಲುಹಳಿಗಳ ಅಗಲವೇ ಬೇರೆಬೇರೆ ಎಂದು ಈ ಅಧಿಕಾರಿ ಐದು ವರ್ಷ ವಾದಿಸಿದ್ದುಂಟು. ಕಲ್ಲುಮೇಜಿನಿಂದ ಶ್ರೀ ಕಾಂತಪ್ಪ ಅವರ ಬಾಗಿಲಿಗೆ ಖುದ್ದಾಗಿ ಅಳತೆ ಮಾಡಲಾಗಿ, ನೂರಾ ನಲವತ್ತೆರಡು ಹೆಜ್ಜೆ ಮತ್ತು ಎಪ್ಪತ್ತೆರಡು ಮೆಟ್ಟಿಲುಗಳಿರುವುದು ಕಂಡುಬಂದಿದೆ. ಬಾಗಿಲು ತಟ್ಟಿರುವುದಿಲ್ಲ. ಅಳತೆ ಮುಗಿಸಿ ಹಿಂತಿರುಗಲಾಗಿದೆ.

೧೧. ಆದೇಶ: ಮೇಲ್ಕಂಡ ಎಲ್ಲ ಅಂಶಗಳನ್ನು ಗಮನದಲ್ಲಿರಿಸಿ, ದಿನಾಂಕ ೩೧-೭-೨೦೧೬ರ ಭಾನುವಾರಕ್ಕೆ ಪಡೆಗಳನ್ನು ಈ ಕೆಳಗಿನಂತೆ ಮರುಹಂಚಿಕೆ ಮಾಡಿ ಆದೇಶಿಸಲಾಗಿದೆ:

(ಅ) ಅಂದು ಪೂರ್ವ ಪ್ರಾಂತ್ಯವನ್ನು ಸಂಪೂರ್ಣ ತೆರವುಗೊಳಿಸುವುದು. ರಾಜಧಾನಿ ಬಿದ್ದರೆ ಬೀಳಲಿ.

(ಆ) ಈ ಅಧಿಕಾರಿ ಹಾಗೂ ಮಂಡಳಿಯ ಕಿರಿಯ ಸದಸ್ಯ ಶ್ರೀ ಅಜಯ್, ಇಬ್ಬರು, ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಶ್ರೀ ಕಾಂತಪ್ಪ ಅವರ ಬಾಗಿಲಲ್ಲಿ ಹಾಜರಾಗಿ, ಪೆಟ್ಟಿಗೆಗಳನ್ನು ಕೆಳಗಿಳಿಸುವುದು. ಗಗನಾ ಅವರು ಮೀಸಲು ಪಡೆಯಾಗಿ ಫ್ಲಾಸ್ಕ್ ಹಿಡಿದು ಕೆಳಗೆ ನಿಲ್ಲುವುದು.

(ಇ) ಲಿಫ್ಟ್ ಈಗ ಸುಸ್ಥಿತಿಯಲ್ಲಿದ್ದರೂ ಮೆಟ್ಟಿಲನ್ನೇ ಬಳಸತಕ್ಕದ್ದು. “ಅಂಕಲ್, ಲಿಫ್ಟ್ ವರ್ಕ್ ಆಗ್ತಿದೆಯಲ್ಲ, ಸುಮ್ನೆ ಯಾಕೆ?” ಎಂದು ಶ್ರೀ ಅಜಯ್ ಆಕ್ಷೇಪಿಸಿದ್ದರಿಂದ ಅವರಿಗೆ ವಿನಾಯಿತಿ ನೀಡಲಾಗಿದೆ. ಈ ಅಧಿಕಾರಿಗೆ ವಿನಾಯಿತಿ ಇರುವುದಿಲ್ಲ. ಮಂಡಿನೋವಿನ ನಿಮಿತ್ತ ಮೂರನೆಯ ಮಹಡಿಯ ತಿರುವಿನಲ್ಲಿ ಒಂದು ನಿಮಿಷ ಉಸ್ಸೆನ್ನಲು ಅವಕಾಶವಿದ್ದು, ಸದರಿ ಉಸಿರನ್ನು ಅನುಕಂಪ ಗಿಟ್ಟಿಸಲು ಬಳಸತಕ್ಕದ್ದಲ್ಲ.

(ಈ) ಶ್ರೀಮತಿ ಅಕ್ಕು ಅವರ ದೋಸೆಹಿಟ್ಟಿನ ಗ್ರೈಂಡರನ್ನು ಮೊಟ್ಟಮೊದಲು ಇಳಿಸುವುದು. ಕಲ್ಲು ಸಮೇತ. ಅದನ್ನು ಫಿರಂಗಿ ಎಂದು ಕರೆದು ತಮಾಷೆ ಮಾಡತಕ್ಕದ್ದಲ್ಲ. ಶ್ರೀ ಕಾಂತಪ್ಪ ಅವರೇ ಮಾಡಿದಲ್ಲಿ ಎಲ್ಲರೂ ನಗತಕ್ಕದ್ದು.

(ಉ) ಕ್ಷಮೆಯನ್ನು ಕರ್ಮಣಿ ಪ್ರಯೋಗದಲ್ಲಿ ಕೋರತಕ್ಕದ್ದಲ್ಲ. ‘ಲೋಪ ಸಂಭವಿಸಿದೆ’, ‘ವಿಷಾದ ವ್ಯಕ್ತಪಡಿಸಲಾಗಿದೆ’, ‘ತಮ್ಮ ಮನಸ್ಸಿಗೆ ನೋವಾಗಿದ್ದಲ್ಲಿ’ ಮುಂತಾದ ವಾಕ್ಯಗಳನ್ನು ತತ್‌ಕ್ಷಣದಿಂದ ನಿಷೇಧಿಸಲಾಗಿದೆ. ವಾಕ್ಯದಲ್ಲಿ ‘ನಾನು’ ಎಂಬ ಕರ್ತೃಪದ ಕಡ್ಡಾಯ. ಈ ಅಧಿಕಾರಿ ಸ್ನಾನದ ಮನೆಯಲ್ಲಿ ಒಂಬತ್ತು ದಿನಗಳಿಂದ ಅಭ್ಯಾಸ ಮಾಡುತ್ತಿದ್ದು, ಪ್ರಗತಿ ತೃಪ್ತಿಕರವಾಗಿಲ್ಲವೆಂದು ಬಾಗಿಲಾಚೆಯಿಂದ ಆಲಿಸಿದ ಗೃಹ ಇಲಾಖೆ ವರದಿ ಮಾಡಿರುತ್ತದೆ.

(ಊ) ಶ್ರೀ ಕಾಂತಪ್ಪ ಅವರು ಬಾಗಿಲು ತೆರೆಯದಿದ್ದಲ್ಲಿ ಈ ಅಧಿಕಾರಿ ಹೊಸ್ತಿಲಾಚೆ ಚಕ್ಕುಲಿ ಡಬ್ಬಿಯೊಂದಿಗೆ ಟ್ಯಾಕ್ಸಿ ಬರುವವರೆಗೂ ಕೂರುವುದು. ಇದನ್ನು ಮುತ್ತಿಗೆಯೆಂದು ಪರಿಗಣಿಸತಕ್ಕದ್ದಲ್ಲ. ಈ ಬಾರಿ ಕೋಟೆ ಅವರದ್ದು, ಶರಣಾಗತಿ ಈ ಕಡೆಯದ್ದು.

(ಋ) ನಕ್ಷೆಯ ಪಶ್ಚಿಮ ಭಾಗವನ್ನು, ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಹಾಳೆಗಳನ್ನು, ಹದಿನೇಳು ಹುರಿಗಡಲೆಗಳ ಸಹಿತ ಶ್ರೀ ಕಾಂತಪ್ಪ ಅವರ ವಶಕ್ಕೆ ನೀಡುವುದು. ವಿಕ್ಸ್‌ಬರ್ಗ್ ಇಲ್ಲದೆ ಇಲ್ಲಿ ಉಳಿಯುವ ಅಮೆರಿಕದಿಂದ ಯಾರಿಗೂ ಏನೂ ಪ್ರಯೋಜನವಿರುವುದಿಲ್ಲ. ಅವರು ಒಪ್ಪಿದಲ್ಲಿ ಮುಂದಿನ ಯುದ್ಧಗಳನ್ನು ಸಿಂಗಪುರ ಮತ್ತು ಉಡುಪಿಯ ನಡುವೆ ವಾಟ್ಸಾಪ್‌ನಲ್ಲಿ ನಡೆಸಲಾಗುವುದು. ಒಪ್ಪದಿದ್ದಲ್ಲಿ ಹುರಿಗಡಲೆಯನ್ನು ಚಟ್ನಿಗೆ ಬಳಸಬಹುದು.

೧೨. ಸಂದೇಶ ಸಂಹಿತೆ: ಇನ್ನು ಮುಂದೆ ಯುದ್ಧಕ್ಕೆ ಸಂಬಂಧಿಸಿದ ಪ್ರತಿ ಸಂದೇಶವೂ ‘ಕಡಲೆ’ ಎಂಬ ಪದದಿಂದ ಆರಂಭವಾಗತಕ್ಕದ್ದು. ಆ ಪದವಿಲ್ಲದ ಯಾವುದೇ ಸಂದೇಶವನ್ನು, ಅದು ಎಂಥ ವ್ಯಾಕರಣದಲ್ಲೇ ಇರಲಿ, ಮನುಷ್ಯರ ಸಂದೇಶವೆಂದು ತಿಳಿದು, ಉತ್ತರ ಬರೆಯದೆ ಎದ್ದು ಹೊರಡತಕ್ಕದ್ದು. ಕರೆ ಬಂದಲ್ಲಿ ಎತ್ತತಕ್ಕದ್ದು. ಈ ಸಂಬಂಧದ ಹಿಂದಿನ ಎಲ್ಲ ಆದೇಶಗಳನ್ನು, ಹಾಗೂ ಮೇ ೧೬ರ ಎರಡು ಪುಟಗಳ ಸ್ಪಷ್ಟೀಕರಣವನ್ನು, ಈ ಮೂಲಕ ಹಿಂಪಡೆಯಲಾಗಿದೆ.

ಇದನ್ನು ಪಾಲಿಸಲು ತಪ್ಪಿದವರ ಮೇಲೆ ಕ್ರಮ ಜರುಗಿಸುವ ಅಧಿಕಾರ ಈ ಕಚೇರಿಗೆ ಎಂದೂ ಇರಲಿಲ್ಲ. ಇದ್ದಂತೆ ವರ್ತಿಸಿದ್ದನ್ನು ಸದಸ್ಯರು ಐದು ವರ್ಷ ಸಹಿಸಿಕೊಂಡಿರುತ್ತಾರೆ.

(ಸಹಿ)
ಶಿವರಾಮ್
ಪಡೆ ಹಂಚಿಕೆ ಅಧಿಕಾರಿ,
ಪೂರ್ವ ಪ್ರಾಂತ್ಯ (ಜುಲೈ ೩೧ರ ಮಧ್ಯಾಹ್ನದವರೆಗೆ ಮಾತ್ರ)

ಪ್ರತಿಗಳು:

೧. ಕುಮಾರಿ ಗಗನಾ, ಉತ್ತರ ಸೈನ್ಯ: ಮಾಹಿತಿಗಾಗಿ. ಶತ್ರುಪಕ್ಷದ ಸಲಹೆ ಸರಿಯಾಗಿತ್ತೆಂದು ತಡವಾಗಿ ದಾಖಲಿಸಲಾಗಿದೆ. ಪೂರ್ವ ಪ್ರಾಂತ್ಯ ಖಾಲಿಯಿರುವುದನ್ನು ದುರುಪಯೋಗಪಡಿಸಿಕೊಳ್ಳಬಾರದಾಗಿ ವಿನಂತಿ.

೨. ಶ್ರೀ ಅಜಯ್: ಅಗತ್ಯ ಕ್ರಮಕ್ಕಾಗಿ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬರುವುದು.

೩. ಶ್ರೀ ಟಾನ್, ಎದುರುಮನೆ: ಇಂಗ್ಲಿಷಿನಲ್ಲಿ ಖುದ್ದಾಗಿ ಓದಿ ಹೇಳಲಾಗುವುದು. ಕೆಂಪು ಕುರ್ಚಿಗೆ ನಮಸ್ಕಾರ ಮಾಡಲಾಗುವುದು.

೪. ಗೃಹ ಇಲಾಖೆ: ತಾವು ಹೇಳಿದ್ದೇ ಸರಿ. ಇದನ್ನು ಪೂರ್ವನಿದರ್ಶನವಾಗಿ ಬಳಸತಕ್ಕದ್ದಲ್ಲ.

೫. ಶ್ರೀಮತಿ ಅಕ್ಕು: ಒಮ್ಮೆ ಬರಲು ತಾವು ಹೇಳಿ ಕಳಿಸಿದ್ದು ತಲುಪಿದೆ. ಮೆಟ್ಟಿಲ ಹತ್ತಿರ ಬಂದು ನಿಲ್ಲಬಾರದು, ಕುಳಿತೇ ಇರುವುದು.

೬. ಶ್ರೀ ಕಾಂತಪ್ಪ, ವಿಕ್ಸ್‌ಬರ್ಗ್, ಐದನೆಯ ಮಹಡಿ: ಉಲ್ಲೇಖ (೧)ರ ತಮ್ಮ ಮನವಿಯನ್ನು ಹನ್ನೊಂದು ವಾರ ತಡವಾಗಿ ಪುರಸ್ಕರಿಸಲಾಗಿದೆ. ಅಲ್ಲ. ಕಾಂತಪ್ಪ, ನಾನು ತಪ್ಪು ಮಾಡಿದೆ ಕಣ್ರೀ. ನೀವು ಕರೆದಾಗ ನಾನು ಬರಲಿಲ್ಲ. ಭಾನುವಾರ ಮೂರು ಗಂಟೆಗೆ ಎರಡು ಜನ ಬರ್ತಾ ಇದ್ದೀವಿ. ಕಡಲೆಯಲ್ಲ.